ಮೊದಲ ಮಾತ್ರೆಗೆ ಮುಂಚಿನ ಕಫ

ಬೆಂಗಳೂರಿನ ದಕ್ಷಿಣ ಭಾಗದ ಆಸ್ಪತ್ರೆಯೊಂದರ ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಉಸಿರಾಟದ ಸೋಂಕಿನ ಮಾದರಿಗಳನ್ನು ಪರೀಕ್ಷಿಸುವ ಮೇಜಿಗೆ ನನ್ನನ್ನು ನಿಯೋಜಿಸಿದಾಗ, ಅಲ್ಲಿನ ಹಿರಿಯ ವೈದ್ಯೆ ಮೊಟ್ಟಮೊದಲು ಕಲಿಸಿದ್ದು ಅರ್ಜಿಯನ್ನು ಓದುವುದನ್ನು. ಕಫದ ಡಬ್ಬಿಯ ಜೊತೆಗೆ ಬರುವ ಆ ಹಾಳೆಯಲ್ಲಿ ರೋಗಿಯ ವಯಸ್ಸು, ವಾರ್ಡು, ಜ್ವರ ಎಷ್ಟು ದಿನದ್ದು, ಸಕ್ಕರೆ ಕಾಯಿಲೆ ಇದೆಯೇ, ಹಿಂದೆ ಕ್ಷಯ ಬಂದಿತ್ತೇ ಎಂಬ ವಿವರಗಳಿರುತ್ತವೆ. ಕೆಳಗಡೆ, ಸಹಿಗಿಂತ ಸ್ವಲ್ಪ ಮೇಲೆ, ಈಗಾಗಲೇ ಯಾವ ಆ್ಯಂಟಿಬಯೋಟಿಕ್ ಕೊಡಲಾಗಿದೆ ಎಂದು ಕೇಳುವ ಒಂದು ಸಾಲಿರುತ್ತದೆ. ಆ ಸಾಲು ಬಹುಮಟ್ಟಿಗೆ ಖಾಲಿಯಾಗಿ ಬರುತ್ತಿತ್ತು. ಅದನ್ನು ತುಂಬಿಸಲು ವಾರ್ಡಿಗೆ ಫೋನ್ ಮಾಡಿ, ಅಲ್ಲಿನ ನರ್ಸ್ ರೋಗಿಯ ಮನೆಯವರನ್ನು ವಿಚಾರಿಸಿ, ಅವರು ಕೈಚೀಲದಿಂದ ಅರ್ಧ ಮುಗಿದ ಮಾತ್ರೆಯ ಪಟ್ಟಿಯನ್ನು ತೆಗೆದು ಹೆಸರು ಓದಿ ಹೇಳುವವರೆಗೆ ಕಾಯುವುದು ನನ್ನ ಬೆಳಗಿನ ಕೆಲಸವಾಯಿತು. ನ್ಯುಮೋನಿಯಾ, ಕಿವಿಯ ಸೋಂಕು, ಸೈನಸ್ ತೊಂದರೆಗಳನ್ನು ತರುವ ಬ್ಯಾಕ್ಟೀರಿಯಾಗಳು ಔಷಧಗಳಿಗೆ ಬಗ್ಗದಂತಾಗುತ್ತಿರುವುದರ ಬಗ್ಗೆ ಪಠ್ಯಪುಸ್ತಕಗಳಿಗಿಂತ ಹೆಚ್ಚನ್ನು ನನಗೆ ಆ ಒಂದು ಸಾಲು ಕಲಿಸಿದೆ. ಆದ್ದರಿಂದ ಕಫದ ಮಾದರಿಯೊಂದು ವರದಿಯಾಗುವವರೆಗಿನ ದಾರಿಯನ್ನು, ನಾನು ಕಲಿಯುತ್ತ ಹೋದ ಕ್ರಮದಲ್ಲಿಯೇ ಇಲ್ಲಿ ಬರೆಯುತ್ತಿದ್ದೇನೆ.

ಕಫ ಕೊಡುವುದು ಸುಲಭವೆಂದು ಹೊರಗಿನವರು ಭಾವಿಸುತ್ತಾರೆ. ಜ್ವರದಿಂದ ಬಳಲಿ, ಉಸಿರೆಳೆದಾಗಲೆಲ್ಲ ಪಕ್ಕೆಯಲ್ಲಿ ಇರಿಯುವ ನೋವಿರುವ ವ್ಯಕ್ತಿಗೆ ಎದೆಯಾಳದಿಂದ ಕೆಮ್ಮಿ ಕಫ ತೆಗೆಯುವುದು ನಿಜಕ್ಕೂ ಕಷ್ಟದ ಕೆಲಸ. ಆದ್ದರಿಂದ ಅನೇಕ ಡಬ್ಬಿಗಳಲ್ಲಿ ನಮಗೆ ಸಿಗುತ್ತಿದ್ದುದು ಬರಿಯ ಎಂಜಲು. ನಮ್ಮಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಮತ್ತು ಹಿಂದಿಯಲ್ಲಿ ಒಂದು ಸೂಚನೆಯ ಹಾಳೆಯಿತ್ತು. ಬರಿಯ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಎರಡು ಮೂರು ಬಾರಿ ಆಳವಾಗಿ ಉಸಿರೆಳೆದುಕೊಂಡು, ಆಮೇಲೆ ಎದೆಯೊಳಗಿನಿಂದ ಕೆಮ್ಮಿ, ಬಂದದ್ದನ್ನು ನೇರವಾಗಿ ಡಬ್ಬಿಗೆ ಹಾಕಬೇಕೆಂದು ಅದರಲ್ಲಿ ಬರೆದಿತ್ತು. ಹಾಳೆಯನ್ನು ಕೈಗೆ ಕೊಟ್ಟು ಹೋದರೆ ಎಂಜಲು ಬರುತ್ತದೆ, ಪಕ್ಕದಲ್ಲಿ ನಿಂತು ಹೇಳಿಕೊಟ್ಟರೆ ಕಫ ಬರುತ್ತದೆ ಎಂಬುದು ಹಳೆಯ ನರ್ಸುಗಳ ಅನುಭವ, ಮತ್ತು ಅವರ ಮಾತು ಸರಿಯಾಗಿತ್ತು. ತೆಗೆದ ಕಫ ಎರಡು ಗಂಟೆಯೊಳಗೆ ನಮ್ಮ ಕೈಸೇರಬೇಕು. ನಗರದ ಹೊರವಲಯದ ಸಂಗ್ರಹಣಾ ಕೇಂದ್ರಗಳಿಂದ ಬೈಕಿನಲ್ಲಿ ಹೊರಟ ಡಬ್ಬಿಗಳು ಸಿಲ್ಕ್ ಬೋರ್ಡ್ ವೃತ್ತದ ದಟ್ಟಣೆಯನ್ನು ದಾಟಿ ಬರುವಷ್ಟರಲ್ಲಿ ಈ ಅವಧಿ ಮೀರಿರುತ್ತಿತ್ತು, ಮತ್ತು ಆ ತಡದಲ್ಲಿ ಮೊದಲು ಸಾಯುವುದು ನಾವು ಹುಡುಕುತ್ತಿರುವ ಸೂಕ್ಷ್ಮ ಸ್ವಭಾವದ ಬ್ಯಾಕ್ಟೀರಿಯಾಗಳೇ. ಬಾಯಿಯ ಒರಟು ಜೀವಿಗಳು ಮಾತ್ರ ಆರಾಮವಾಗಿ ಬದುಕಿ ಬೆಳೆಯುತ್ತವೆ.

ಡಬ್ಬಿಯನ್ನು ತೆರೆಯುವುದು ಜೈವಿಕ ಸುರಕ್ಷತಾ ಕಪಾಟಿನೊಳಗೆ ಮಾತ್ರ, ಏಕೆಂದರೆ ನಮ್ಮ ದೇಶದಲ್ಲಿ ಯಾವ ಕಫದಲ್ಲಿಯೂ ಕ್ಷಯದ ಜೀವಿ ಇರಬಹುದು. ಕೀವಿನಂತಿರುವ ಭಾಗವನ್ನು ಆರಿಸಿ ಗಾಜಿನ ಮೇಲೆ ಸವರಿ ಗ್ರಾಂ ಬಣ್ಣ ಹಾಕುತ್ತೇವೆ. ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಂ 1884ರಲ್ಲಿ ಈ ವಿಧಾನವನ್ನು ಪ್ರಕಟಿಸಿದ್ದು, ಬರ್ಲಿನ್‌ನಲ್ಲಿ ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದ ತುಣುಕುಗಳಲ್ಲಿ ಬ್ಯಾಕ್ಟೀರಿಯಾಗಳನ್ನು ಕಣ್ಣಿಗೆ ಕಾಣುವಂತೆ ಮಾಡುವ ಪ್ರಯತ್ನದಲ್ಲಿ; ಇಷ್ಟು ವರ್ಷಗಳ ನಂತರವೂ ನ್ಯುಮೋನಿಯಾದ ಮೊದಲ ಸುಳಿವು ನಮಗೆ ಸಿಗುವುದು ಅದರಿಂದಲೇ ಎಂಬುದು ನನಗೆ ಗೌರವ ಹುಟ್ಟಿಸುವ ಸಂಗತಿ. ಕಡಿಮೆ ವರ್ಧನೆಯಲ್ಲಿ ನೋಡಿದಾಗ ಒಂದು ದೃಶ್ಯಕ್ಷೇತ್ರದಲ್ಲಿ ಕೀವಿನ ಕೋಶಗಳು 25ಕ್ಕಿಂತ ಹೆಚ್ಚಿದ್ದು, ಬಾಯಿಯ ಒಳಪದರದ ಚಪ್ಪಟೆ ಕೋಶಗಳು 10ಕ್ಕಿಂತ ಕಡಿಮೆ ಇದ್ದರೆ ಅದು ನಿಜವಾದ ಕಫ. ಚಪ್ಪಟೆ ಕೋಶಗಳೇ ತುಂಬಿದ್ದರೆ ಮಾದರಿಯನ್ನು ತಿರಸ್ಕರಿಸಿ ಮತ್ತೊಂದನ್ನು ಕೇಳುತ್ತೇವೆ. ವಾರ್ಡಿನವರಿಗೆ ಇದು ಕಿರಿಕಿರಿಯ ವಿಷಯ, ಎಷ್ಟೋ ಸಲ ಫೋನಿನಲ್ಲಿ ಮಾತು ಬಿಸಿಯಾದದ್ದೂ ಉಂಟು. ಆದರೆ ಎಂಜಲಿನಲ್ಲಿ ಬೆಳೆದ ಯಾವುದೋ ಜೀವಿಗೆ ಔಷಧಗಳ ಪಟ್ಟಿ ಹಾಕಿ ಕಳಿಸಿದರೆ, ಶ್ವಾಸಕೋಶದಲ್ಲಿ ಇಲ್ಲದ ಬ್ಯಾಕ್ಟೀರಿಯಾಕ್ಕೆ ಬಲವಾದ ಆ್ಯಂಟಿಬಯೋಟಿಕ್ ಶುರುವಾಗುತ್ತದೆ. ಮಾದರಿಯನ್ನು ತಿರಸ್ಕರಿಸುವುದನ್ನು ನಾನು ಔಷಧ ನಿರೋಧಕತೆಯ ವಿರುದ್ಧದ ಕೆಲಸವೆಂದೇ ಎಣಿಸುತ್ತೇನೆ.

ಒಳ್ಳೆಯ ಮಾದರಿಯಲ್ಲಿ, ಕೀವಿನ ಕೋಶಗಳ ನಡುವೆ, ಒಂದು ತುದಿ ಚೂಪಾದ ನೇರಳೆ ಬಣ್ಣದ ಜೋಡಿ ಗೋಲಗಳು ಕಂಡರೆ ಅದು ನ್ಯುಮೊಕಾಕಸ್ ಇರಬಹುದೆಂಬ ಸುಳಿವು. ಸಮುದಾಯದಲ್ಲಿ ಬರುವ ನ್ಯುಮೋನಿಯಾಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಅದರ ಸುತ್ತಲಿನ ಸಕ್ಕರೆ ಪದಾರ್ಥದ ಕವಚ ಬಣ್ಣ ಹೀರದೆ ತೆಳುವಾದ ಬೆಳಕಿನ ವಲಯವಾಗಿ ಕಾಣುತ್ತದೆ. ಅದೇ ಕಫವನ್ನು ಕುರಿಯ ರಕ್ತ ಬೆರೆಸಿದ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ಪದಾರ್ಥ) ತಟ್ಟೆಯ ಮೇಲೆ, ರಕ್ತವನ್ನು ಬಿಸಿ ಮಾಡಿ ತಯಾರಿಸಿದ ಚಾಕೊಲೇಟ್ ಅಗರ್ ಮೇಲೆ ಮತ್ತು ಮ್ಯಾಕಾಂಕಿ ಅಗರ್ ಮೇಲೆ ಗೀರಿ, ಮೊದಲೆರಡನ್ನು ಸುಮಾರು 5 ಶೇಕಡ ಇಂಗಾಲದ ಡೈಆಕ್ಸೈಡ್ ಇರುವ ಇನ್‌ಕ್ಯುಬೇಟರಿನಲ್ಲಿ 35 ಡಿಗ್ರಿಯಲ್ಲಿ ಇಡುತ್ತೇವೆ. ಮರುದಿನ ರಕ್ತದ ತಟ್ಟೆಯ ಮೇಲೆ ಸಣ್ಣ ವಸಾಹತುಗಳು, ಅಂದರೆ ಒಟ್ಟಾಗಿ ಬೆಳೆದ ಬ್ಯಾಕ್ಟೀರಿಯಾಗಳ ಚುಕ್ಕೆಗಳು ಮೂಡಿ, ಅವುಗಳ ಸುತ್ತ ರಕ್ತ ಹಸಿರು ಛಾಯೆಗೆ ತಿರುಗಿರುತ್ತದೆ. ಸ್ವಲ್ಪ ಹಳೆಯದಾದ ವಸಾಹತಿನ ನಡುಭಾಗ ಕುಸಿದು ಅದು ಕ್ಯಾರಂ ಕಾಯಿಯ ಹಾಗೆ ಕಾಣುತ್ತದೆ, ನಮ್ಮ ಕಾಲೇಜುಗಳಲ್ಲಿ ಅದನ್ನು ಕಲಿಸುವುದೂ ಆ ಹೆಸರಿನಿಂದಲೇ. ಕುಸಿತಕ್ಕೆ ಕಾರಣ, ನ್ಯುಮೊಕಾಕಸ್ ತನ್ನದೇ ಕಿಣ್ವದಿಂದ ತನ್ನ ಕೋಶಗೋಡೆಯನ್ನು ಕರಗಿಸಿಕೊಳ್ಳುವ ಜೀವಿ. ಲೈಟ್-ಎ ಎಂಬ ಆ ಕಿಣ್ವದ ಕಾರಣದಿಂದಲೇ ಅದನ್ನು ತಡವಾಗಿ ತಂದರೆ, ಅಥವಾ ಅದರ ಮೇಲೆ ಸ್ವಲ್ಪವೇ ಔಷಧ ಬಿದ್ದಿದ್ದರೆ, ತಟ್ಟೆಯ ಮೇಲೆ ಅದು ಬೆಳೆಯುವುದಿಲ್ಲ.

ಇಲ್ಲಿಯೇ ಆ ಖಾಲಿ ಸಾಲಿನ ಅರ್ಥ ನನಗೆ ಸ್ಪಷ್ಟವಾಗತೊಡಗಿದ್ದು. ಚಳಿಗಾಲದ ಒಂದು ಬೆಳಿಗ್ಗೆ ಬಂದ ಕಫದಲ್ಲಿ ಗ್ರಾಂ ಬಣ್ಣದಡಿ ನ್ಯುಮೊಕಾಕಸ್‌ನಂಥ ಜೋಡಿಗಳು ಕಣ್ಣು ತುಂಬುವಷ್ಟಿದ್ದವು. ಮರುದಿನ ತಟ್ಟೆ ನೋಡಿದರೆ ಬಾಯಿಯ ಸಾಮಾನ್ಯ ಜೀವಿಗಳ ಹೊರತು ಏನೂ ಇಲ್ಲ. ಅದರ ಮರುದಿನವೂ ಇಲ್ಲ. ಹಿರಿಯರು ವಾರ್ಡಿಗೆ ಕೇಳು ಎಂದರು. ಆ ಮಧ್ಯವಯಸ್ಕ ಮಹಿಳೆ ಆಸ್ಪತ್ರೆಗೆ ಬರುವ ಮುಂಚೆ ಬಡಾವಣೆಯ ಔಷಧ ಅಂಗಡಿಯಲ್ಲಿ ಕೆಮ್ಮು ಜ್ವರವೆಂದು ಹೇಳಿ ಅಜಿತ್ರೊಮೈಸಿನ್ ತೆಗೆದುಕೊಂಡಿದ್ದರು, ಮತ್ತು ತುರ್ತು ವಿಭಾಗದಲ್ಲಿ ಕಫ ತೆಗೆಯುವ ಮೊದಲೇ ಸೆಫ್ಟ್ರಯಾಕ್ಸೋನ್ ಚುಚ್ಚುಮದ್ದು ಬಿದ್ದಿತ್ತು. ಬ್ಯಾಕ್ಟೀರಿಯಾದ ಆಕಾರ ಗಾಜಿನ ಮೇಲಿತ್ತು, ಜೀವ ಇರಲಿಲ್ಲ. ಜೀವವಿಲ್ಲದ ಬ್ಯಾಕ್ಟೀರಿಯಾ ಯಾವ ಔಷಧಕ್ಕೆ ಬಗ್ಗುತ್ತಿತ್ತು, ಯಾವುದಕ್ಕೆ ಬಗ್ಗುತ್ತಿರಲಿಲ್ಲ ಎಂದು ತಿಳಿಯುವ ದಾರಿ ನಮ್ಮಲ್ಲಿಲ್ಲ. ಮೂತ್ರದಲ್ಲಿ ನ್ಯುಮೊಕಾಕಸ್‌ನ ಅಂಶವನ್ನು ಗುರುತಿಸುವ ಪರೀಕ್ಷೆಯೊಂದಿದೆ, ಡಿಎನ್‌ಎ ಹುಡುಕುವ ಪಿಸಿಆರ್ ಕೂಡ ಇದೆ. ಅವು ಔಷಧ ಬಿದ್ದ ಮೇಲೂ ಬ್ಯಾಕ್ಟೀರಿಯಾ ಇತ್ತೆಂದು ಹೇಳಬಲ್ಲವು, ಆದರೆ ಪೆನಿಸಿಲಿನ್ ಎಷ್ಟು ಪ್ರಮಾಣದಲ್ಲಿ ಅದನ್ನು ತಡೆಯುತ್ತದೆ ಎಂಬ ಅಳತೆಗೆ ಬೆಳೆಯುತ್ತಿರುವ ಜೀವಿಯೇ ಬೇಕು. ಆ ಮಹಿಳೆ ಗುಣವಾದರು. ಅವರಿಗೆ ಯಾವ ಔಷಧದಿಂದ ಗುಣವಾಯಿತು, ಹಲವು ಬಗೆಯ ಬ್ಯಾಕ್ಟೀರಿಯಾಗಳನ್ನು ಒಟ್ಟಿಗೆ ಕೊಲ್ಲುವ ಅಷ್ಟು ಅಗಲವಾದ ಔಷಧ ಬೇಕಿತ್ತೇ ಎಂಬ ಪ್ರಶ್ನೆಗಳಿಗೆ ಉತ್ತರ ಮಾತ್ರ ಉಳಿಯಲಿಲ್ಲ.

ಬೆಳೆದ ವಸಾಹತು ನಿಜವಾಗಿ ನ್ಯುಮೊಕಾಕಸ್ಸೇ ಎಂದು ಖಚಿತಪಡಿಸಿಕೊಳ್ಳುವುದು ಮುಂದಿನ ಹಂತ. ಗಂಟಲಿನಲ್ಲಿ ನಿರುಪದ್ರವಿಯಾಗಿ ವಾಸಿಸುವ ಸ್ಟ್ರೆಪ್ಟೊಕಾಕಸ್ ಮೈಟಿಸ್ ಇದಕ್ಕೆ ಎಷ್ಟು ಹತ್ತಿರದ ಬಂಧುವೆಂದರೆ, ಪ್ರೋಟೀನುಗಳ ತೂಕ ನೋಡಿ ಜೀವಿಯನ್ನು ಗುರುತಿಸುವ ದುಬಾರಿ ಯಂತ್ರವೂ ಇವೆರಡರ ನಡುವೆ ಎಡವುತ್ತದೆ. ಅದಕ್ಕಾಗಿ ಆಪ್ಟೊಚಿನ್ ಎಂಬ ಪದಾರ್ಥದ ಬಿಲ್ಲೆಯನ್ನಿಟ್ಟು, ಅದರ ಸುತ್ತ ಬೆಳವಣಿಗೆಯಿಲ್ಲದ ವಲಯ 14 ಮಿಲಿಮೀಟರ್ ಅಥವಾ ಹೆಚ್ಚಿದೆಯೇ ಎಂದು ಅಳೆಯುತ್ತೇವೆ. ಸಂಶಯ ಬಂದರೆ ಪಿತ್ತಲವಣದಲ್ಲಿ ಕರಗುತ್ತದೆಯೇ ಎಂದು ನೋಡುತ್ತೇವೆ. ಈ ಬಂಧುತ್ವ ಗುರುತಿಸುವಿಕೆಯ ತೊಡಕಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಪೆನಿಸಿಲಿನ್‌ಗೆ ನ್ಯುಮೊಕಾಕಸ್ ಬಗ್ಗದಂತಾದದ್ದೇ ಈ ಬಂಧುಗಳಿಂದ ವಂಶವಾಹಿಯ ತುಣುಕುಗಳನ್ನು ಪಡೆದು. ಪೆನಿಸಿಲಿನ್ ಅಂಟಿಕೊಳ್ಳುವ ಕೋಶಗೋಡೆಯ ಪ್ರೋಟೀನುಗಳ ವಂಶವಾಹಿಗಳಲ್ಲಿ ಅಲ್ಲಲ್ಲಿ ಮೈಟಿಸ್‌ನ ತುಂಡುಗಳು ಸೇರಿಕೊಂಡು, ಔಷಧ ಅಂಟುವ ಜಾಗವೇ ಬದಲಾಗಿಬಿಟ್ಟಿದೆ. ಸುತ್ತಲಿನ ಡಿಎನ್‌ಎಯನ್ನು ಒಳಗೆ ಎಳೆದುಕೊಳ್ಳುವ ಈ ಸಾಮರ್ಥ್ಯವನ್ನು 1928ರಲ್ಲಿ ಫ್ರೆಡರಿಕ್ ಗ್ರಿಫಿತ್ ಗಮನಿಸಿದ್ದು ನ್ಯುಮೊಕಾಕಸ್‌ನಲ್ಲೇ. 1944ರಲ್ಲಿ ಏವರಿ, ಮ್ಯಾಕ್ಲಿಯಾಡ್ ಮತ್ತು ಮೆಕಾರ್ಟಿ ಹೀಗೆ ಸಾಗುವ ವಸ್ತು ಡಿಎನ್‌ಎ ಎಂದು ತೋರಿಸಿದ್ದೂ ಇದೇ ಜೀವಿಯಿಂದ. ಆನುವಂಶಿಕತೆಯ ರಹಸ್ಯವನ್ನು ಬಿಡಿಸಿಕೊಟ್ಟ ಗುಣವೇ ಇಂದು ಚಿಕಿತ್ಸೆಗೆ ತೊಡಕಾಗಿದೆ. ಪೆನಿಸಿಲಿನ್‌ಗೆ ಬಗ್ಗದ ನ್ಯುಮೊಕಾಕಸ್ 1967ರಲ್ಲಿ ಆಸ್ಟ್ರೇಲಿಯಾದಿಂದ ವರದಿಯಾಯಿತು, 1977ರ ಹೊತ್ತಿಗೆ ದಕ್ಷಿಣ ಆಫ್ರಿಕಾದಲ್ಲಿ ಅದರ ಹೆಚ್ಚು ಬಲವಾದ ತಳಿಗಳು ಕಂಡವು. ವೈರಸ್ಸಿನಿಂದ ಬಂದ ನೆಗಡಿಗೆ ನುಂಗಿದ ಮಾತ್ರೆ ವೈರಸ್ಸಿಗೆ ಏನೂ ಮಾಡದೆ, ಗಂಟಲಿನ ಮೈಟಿಸ್‌ಗಳ ನಡುವೆ ನಿರೋಧಕವಾದವನ್ನು ಉಳಿಸಿ ಉಳಿದವನ್ನು ಕೊಲ್ಲುತ್ತದೆ. ಆ ಉಳಿದುಕೊಂಡವೇ ಮುಂದೊಂದು ದಿನ ನ್ಯುಮೊಕಾಕಸ್‌ಗೆ ವಂಶವಾಹಿ ಒದಗಿಸುತ್ತವೆ.

ಔಷಧ ಸಂವೇದನೆಯ ಪರೀಕ್ಷೆಯಲ್ಲಿ ನಾನು ಅತಿ ಹೆಚ್ಚು ಸಮಯ ಕಳೆದದ್ದು ಪೆನಿಸಿಲಿನ್ ಬಳಿ. ವಸಾಹತನ್ನು ಲವಣದ್ರಾವಣದಲ್ಲಿ ನಿಗದಿತ ಮಬ್ಬಿಗೆ ಕರಗಿಸಿ, ರಕ್ತ ಬೆರೆಸಿದ ಮ್ಯುಲ್ಲರ್ ಹಿಂಟನ್ ಅಗರಿನ ಮೇಲೆ ಹರಡಿ, 1 ಮೈಕ್ರೊಗ್ರಾಂ ಆಕ್ಸಾಸಿಲಿನ್ ಬಿಲ್ಲೆಯನ್ನು ಇಡುತ್ತೇವೆ. ಫಲಿತಾಂಶ ಎಷ್ಟಿರಬೇಕೆಂದು ಮೊದಲೇ ಗೊತ್ತಿರುವ ಎಟಿಸಿಸಿ 49619 ಎಂಬ ನಿಯಂತ್ರಣ ತಳಿಯನ್ನೂ ಜೊತೆಗೇ ಪರೀಕ್ಷಿಸಿ, ಅದರ ಫಲಿತಾಂಶ ಮಿತಿಯೊಳಗೆ ಇಲ್ಲದಿದ್ದರೆ ಅಂದಿನ ಯಾವ ಅಳತೆಯನ್ನೂ ನಂಬುವುದಿಲ್ಲ. ಬಿಲ್ಲೆಯ ಸುತ್ತಲಿನ ವಲಯ 20 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ಪೆನಿಸಿಲಿನ್ ಕೆಲಸ ಮಾಡುತ್ತದೆಂದು ಬರೆಯಬಹುದು. 19 ಅಥವಾ ಅದಕ್ಕಿಂತ ಕಡಿಮೆಯಾದರೆ ನಿರೋಧಕವೆಂದು ಬರೆಯುವ ಹಾಗಿಲ್ಲ. ಪ್ರಮಾಣ ಅಳೆಯಬೇಕು ಎಂದಷ್ಟೇ ಅದರ ಅರ್ಥ. ಆಗ ಒಂದು ತುದಿಯಿಂದ ಇನ್ನೊಂದು ತುದಿಗೆ ಔಷಧದ ಸಾಂದ್ರತೆ ಏರುತ್ತ ಹೋಗುವ ಪಟ್ಟಿಯನ್ನು ಅಗರಿನ ಮೇಲಿಟ್ಟು, ಬೆಳವಣಿಗೆಯ ಅಂಚು ಪಟ್ಟಿಯನ್ನು ಮುಟ್ಟುವ ಜಾಗದಲ್ಲಿ ಕನಿಷ್ಠ ತಡೆ ಸಾಂದ್ರತೆಯನ್ನು, ಅಂದರೆ ಬೆಳವಣಿಗೆಯನ್ನು ತಡೆಯಲು ಸಾಕಾಗುವ ಅತಿ ಕಡಿಮೆ ಪ್ರಮಾಣವನ್ನು ಓದುತ್ತೇವೆ.

ಕೃಷ್ಣರಾಜ ಮಾರುಕಟ್ಟೆಯಲ್ಲಿ ಹೂವಿನ ವ್ಯಾಪಾರ ಮಾಡುತ್ತಿದ್ದ, ಅರವತ್ತು ದಾಟಿದ ಒಬ್ಬರ ಕಫದಲ್ಲಿ ಆಕ್ಸಾಸಿಲಿನ್ ವಲಯ ಚಿಕ್ಕದಾಗಿ ಬಂದಿತ್ತು. ಇವರ ಕಫವನ್ನು ತುರ್ತು ವಿಭಾಗದ ಕಿರಿಯ ವೈದ್ಯೆಯೊಬ್ಬರು ಮೊದಲ ಚುಚ್ಚುಮದ್ದಿಗೆ ಮುಂಚೆಯೇ ಹಿಡಿದಿಟ್ಟಿದ್ದರು, ಅದರಿಂದಲೇ ಜೀವಿ ಬೆಳೆದಿತ್ತು. ಪ್ರಾಥಮಿಕ ವಿಷಯ ತಿಳಿದ ಕೂಡಲೇ ವಾರ್ಡಿನಿಂದ ಫೋನ್ ಬಂತು: ಸೆಫ್ಟ್ರಯಾಕ್ಸೋನ್ ನಿಲ್ಲಿಸಿ, ಕೊನೆಯ ಆಸರೆಯಂತಿರುವ ಮೆರೊಪೆನೆಮ್ ಶುರು ಮಾಡಬೇಕೇ ಎಂದು. ಮರುದಿನದವರೆಗೆ ಕಾಯಿರಿ ಎಂದು ನಮ್ಮ ಹಿರಿಯರು ಹೇಳಿದರು, ರೋಗಿಯ ಉಸಿರಾಟ ಸುಧಾರಿಸುತ್ತಿದ್ದುದರಿಂದ ಕಾಯಲು ಅವಕಾಶವೂ ಇತ್ತು. ಮರುದಿನ ಪೆನಿಸಿಲಿನ್‌ನ ಅಳತೆ ಒಂದು ಮಿಲಿಲೀಟರಿಗೆ 1 ಮೈಕ್ರೊಗ್ರಾಂ ಎಂದು ಬಂತು, ಸೆಫ್ಟ್ರಯಾಕ್ಸೋನ್‌ನದು ಅದಕ್ಕೂ ಕಡಿಮೆ. ಪ್ರಯೋಗಾಲಯಗಳಿಗೆ ಮಾನದಂಡ ನಿಗದಿಪಡಿಸುವ ಅಮೆರಿಕದ ಸಿಎಲ್‌ಎಸ್‌ಐ ಸಂಸ್ಥೆ, ಔಷಧ ಕೆಲಸ ಮಾಡುತ್ತದೆಯೇ ಇಲ್ಲವೇ ಎಂದು ಹೇಳುವ ಗಡಿಗಳನ್ನು 2008ರಲ್ಲಿ ಎರಡಾಗಿ ವಿಂಗಡಿಸಿತು: ಮಿದುಳಿನ ಪೊರೆಯ ಸೋಂಕಾದರೆ 0.06 ಮೀರಿದ ತಳಿಗೆ ಪೆನಿಸಿಲಿನ್ ಉಪಯೋಗವಿಲ್ಲ, ಏಕೆಂದರೆ ಔಷಧ ಮಿದುಳಿನ ದ್ರವದೊಳಗೆ ಅಷ್ಟಾಗಿ ಇಳಿಯುವುದಿಲ್ಲ. ಶ್ವಾಸಕೋಶದ ಸೋಂಕಿಗೆ ರಕ್ತನಾಳದ ಮೂಲಕ ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ 2ರವರೆಗೂ ಅದು ಕೆಲಸ ಮಾಡುತ್ತದೆ. ಒಂದೇ ತಳಿ, ಒಂದೇ ಅಳತೆ, ಆದರೂ ಒಂದು ಜಾಗದಲ್ಲಿ ನಿರೋಧಕ, ಇನ್ನೊಂದು ಜಾಗದಲ್ಲಿ ಅಲ್ಲ. ಹೂವಿನ ವ್ಯಾಪಾರಿಗೆ ಮೆರೊಪೆನೆಮ್ ಬೇಕಾಗಲಿಲ್ಲ, ಸೆಫ್ಟ್ರಯಾಕ್ಸೋನ್‌ನಿಂದಲೇ ಗುಣವಾಗಿ ಮನೆಗೆ ಹೋದರು. ಇಂಥ ಒಂದು ಸಂಖ್ಯೆ ಉಳಿಸುವ ಔಷಧ ಎಷ್ಟು ಬೆಲೆಬಾಳುವುದೆಂದು ತೀವ್ರ ನಿಗಾ ಘಟಕದ ಮಾದರಿಗಳನ್ನು ನೋಡಿದವರಿಗೆ ವಿವರಿಸಬೇಕಾಗಿಲ್ಲ.

ಅಜಿತ್ರೊಮೈಸಿನ್ ವಿಷಯದಲ್ಲಿ ಇಂಥ ಸಮಾಧಾನ ಸಿಗಲಿಲ್ಲ. ಅದೇ ಗುಂಪಿನ ಎರಿಥ್ರೊಮೈಸಿನ್ ಬಿಲ್ಲೆಯನ್ನು ಕ್ಲಿಂಡಮೈಸಿನ್ ಬಿಲ್ಲೆಯ ಪಕ್ಕ 12 ಮಿಲಿಮೀಟರ್ ಅಂತರದಲ್ಲಿಟ್ಟಾಗ, ಎರಿಥ್ರೊಮೈಸಿನ್ ಸುತ್ತ ವಲಯವೇ ಇಲ್ಲದ ತಟ್ಟೆಗಳು ಪದೇ ಪದೇ ಕಾಣುತ್ತಿದ್ದವು. ಕೆಲವು ತಳಿಗಳು ಔಷಧವನ್ನು ಕೋಶದಿಂದ ಹೊರಕ್ಕೆ ದೂಡುವ ಪಂಪನ್ನು ಪಡೆದಿರುತ್ತವೆ; ಅವುಗಳ ಮೇಲೆ ಕ್ಲಿಂಡಮೈಸಿನ್ ಇನ್ನೂ ಕೆಲಸ ಮಾಡುತ್ತದೆ. ಇನ್ನು ಕೆಲವು ಪ್ರೋಟೀನ್ ತಯಾರಿಸುವ ರೈಬೋಸೋಮಿನ ಮೇಲೆ ಔಷಧ ಕೂರುವ ಜಾಗವನ್ನೇ ಮಾರ್ಪಡಿಸುತ್ತವೆ. ಅವುಗಳಲ್ಲಿ ಎರಡೂ ಔಷಧಗಳು ಸೋಲುತ್ತವೆ. ಎರಡನೆಯದರಲ್ಲಿ ಒಂದು ಬಗೆ ಕ್ಲಿಂಡಮೈಸಿನ್‌ಗೆ ಬಗ್ಗುವಂತೆ ನಟಿಸಿ, ಎರಿಥ್ರೊಮೈಸಿನ್ ಹತ್ತಿರವಿದ್ದಾಗ ಮಾತ್ರ ನಿಜರೂಪ ತೋರುತ್ತದೆ. ಆಗ ಕ್ಲಿಂಡಮೈಸಿನ್ ವಲಯ ಆ ಬದಿಯಲ್ಲಿ ಚಪ್ಪಟೆಯಾಗಿ, ಇಂಗ್ಲಿಷಿನ ಡಿ ಅಕ್ಷರದಂತೆ ಮೂಡುತ್ತದೆ. ಅಜಿತ್ರೊಮೈಸಿನ್ ಮೂರು ದಿನದ ಕೋರ್ಸೆಂದು ಜನಪ್ರಿಯವಾದದ್ದಕ್ಕೆ ಕಾರಣ ಅದು ದೇಹದಲ್ಲಿ ದೀರ್ಘಕಾಲ ನಿಲ್ಲುವುದು. ಅದರ ಅರ್ಧಾಯುಷ್ಯ, ಅಂದರೆ ದೇಹದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ, ಸುಮಾರು 68 ಗಂಟೆ. ಈ ಅನುಕೂಲವೇ ಅಪಾಯವೂ ಹೌದು. ಕೊನೆಯ ಮಾತ್ರೆಯ ನಂತರ ಎಷ್ಟೋ ದಿನ ಬ್ಯಾಕ್ಟೀರಿಯಾವನ್ನು ಕೊಲ್ಲಲಾರದಷ್ಟು, ಆದರೆ ನಿರೋಧಕವಾದುದನ್ನು ಆರಿಸಿ ಉಳಿಸಲು ಸಾಕಾಗುವಷ್ಟು ಔಷಧ ಅಂಗಾಂಶಗಳಲ್ಲಿ ಇರುತ್ತದೆ. 2007ರಲ್ಲಿ ಬೆಲ್ಜಿಯಮ್ಮಿನ ಸಂಶೋಧಕರು ಆರೋಗ್ಯವಂತ ಸ್ವಯಂಸೇವಕರಿಗೆ ಅಜಿತ್ರೊಮೈಸಿನ್ ಅಥವಾ ಕ್ಲಾರಿತ್ರೊಮೈಸಿನ್ ಕೊಟ್ಟು ಅವರ ಗಂಟಲಿನ ಸ್ಟ್ರೆಪ್ಟೊಕಾಕಸ್‌ಗಳನ್ನು ಹಿಂಬಾಲಿಸಿದಾಗ, ಒಂದೇ ಕೋರ್ಸಿನ ನಂತರ ಏರಿದ ನಿರೋಧಕತೆ 180 ದಿನಗಳಾದರೂ ಪೂರ್ತಿ ಇಳಿದಿರಲಿಲ್ಲ. ಬೆಂಗಳೂರಿನಲ್ಲಿ ನವೆಂಬರಿನ ತಣ್ಣನೆ ಗಾಳಿಗೆ ಒಮ್ಮೆ, ಮಳೆಗಾಲದ ಶೀತಕ್ಕೆ ಇನ್ನೊಮ್ಮೆ ಆ ಕೋರ್ಸು ನುಂಗುವವರ ಗಂಟಲಿಗೆ ಚೇತರಿಸಿಕೊಳ್ಳುವ ಬಿಡುವೇ ಸಿಗುವುದಿಲ್ಲ ಎಂದು ಆ ಲೇಖನ ಓದಿದಾಗ ನನಗೆ ಅನಿಸಿತು.

ಚಾಕೊಲೇಟ್ ಅಗರಿನ ಮೇಲೆ ಬೆಳೆಯುವ ಹಿಮೋಫಿಲಸ್ ಇನ್‌ಫ್ಲುಯೆಂಜೇ, ಮೊರಾಕ್ಸೆಲ್ಲಾ ಕಟಾರಾಲಿಸ್ ಎಂಬ ಇನ್ನೆರಡು ಜೀವಿಗಳು ಹೆಚ್ಚಾಗಿ ಹಳೆಯ ಧೂಮಪಾನಿಗಳ ಕಫದಲ್ಲಿ ಸಿಗುತ್ತಿದ್ದವು. ಇವುಗಳ ಉಪಾಯ ಬೇರೆ: ಪೆನಿಸಿಲಿನ್ ಬಗೆಯ ಔಷಧವನ್ನು ಒಡೆಯುವ ಬೀಟಾ ಲ್ಯಾಕ್ಟಮೇಸ್ ಎಂಬ ಕಿಣ್ವವನ್ನು ತಯಾರಿಸುವುದು. ನೈಟ್ರೊಸೆಫಿನ್ ಬಿಲ್ಲೆಗೆ ವಸಾಹತನ್ನು ಸವರಿದರೆ, ಕಿಣ್ವವಿದ್ದಲ್ಲಿ ಹಳದಿ ಬಣ್ಣ ನಿಮಿಷಗಳೊಳಗೆ ಕೆಂಪಾಗುತ್ತದೆ. ಮೊರಾಕ್ಸೆಲ್ಲಾ ತಳಿಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಈ ಕಿಣ್ವ ಹೊಂದಿವೆ. ಆ ಕಿಣ್ವವನ್ನು ಕಟ್ಟಿಹಾಕಲು ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್ ಬೆರೆಸುತ್ತಾರೆ, ಅದು ಇಲ್ಲಿ ಸಾರ್ಥಕ. ಆದರೆ ನ್ಯುಮೊಕಾಕಸ್‌ನಲ್ಲಿ ಈ ಕಿಣ್ವವೇ ಇಲ್ಲ. ಅದರ ವಿರುದ್ಧ ಬೇಕಾಗುವುದು ಅಮಾಕ್ಸಿಸಿಲಿನ್‌ನ ಪ್ರಮಾಣ, ಕ್ಲಾವುಲನೇಟ್ ಅಲ್ಲಿ ಏನನ್ನೂ ಸೇರಿಸುವುದಿಲ್ಲ. ಬೆರಕೆಯ ಔಷಧ ಯಾವಾಗಲೂ ಹೆಚ್ಚು ಬಲಶಾಲಿ ಎಂಬ ನಂಬಿಕೆ ವೈದ್ಯರಲ್ಲಿಯೂ ಇರುವುದನ್ನು ಕಂಡಿದ್ದೇನೆ.

ಸಕ್ಕರೆ ಕಾಯಿಲೆ ಇರುವವರ, ಆಸ್ಪತ್ರೆಯಲ್ಲಿ ಆಗಲೇ ಕೆಲಕಾಲ ಮಲಗಿದ್ದವರ ಮಾದರಿಗಳಲ್ಲಿ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೇ ಲೋಳೆಯಾದ ವಸಾಹತುಗಳಾಗಿ ಬರುತ್ತಿತ್ತು, ಮತ್ತು ಅದರ ವರದಿ ಬರೆಯುವುದು ಮನಸ್ಸಿಗೆ ಭಾರದ ಕೆಲಸ. ಮೆರೊಪೆನೆಮ್ ಸೇರಿದ ಕಾರ್ಬಪೆನೆಮ್ ಗುಂಪಿನ ಔಷಧಗಳನ್ನೂ ಒಡೆಯುವ ಎನ್‌ಡಿಎಂ ಕಿಣ್ವ ಜಗತ್ತಿಗೆ ತಿಳಿದದ್ದು ಈ ಜೀವಿಯ ಒಂದು ತಳಿಯಿಂದಲೇ, 2009ರಲ್ಲಿ. ಅದರ ಕಥೆ ಆಸ್ಪತ್ರೆಯ ಒಳಗಿನ ಶುಚಿತ್ವಕ್ಕೆ ಹೆಚ್ಚು ಸೇರಿದ್ದಾದ್ದರಿಂದ ಇಲ್ಲಿ ಬಿಡುತ್ತೇನೆ. ಒಂದು ಮಾತು ಮಾತ್ರ ಸೇರಿಸಬೇಕು: ಬಹುದಿನದ ಕೆಮ್ಮಿಗೆ ಲಿವೊಫ್ಲಾಕ್ಸಾಸಿನ್ ಕೊಟ್ಟರೆ ಅದು ಕ್ಷಯದ ಜೀವಿಯ ಮೇಲೂ ಸ್ವಲ್ಪ ಕೆಲಸ ಮಾಡಿ, ರೋಗಿ ತಾತ್ಕಾಲಿಕವಾಗಿ ಚೇತರಿಸಿಕೊಂಡಂತೆ ಕಂಡು, ಕ್ಷಯದ ಪತ್ತೆ ತಡವಾಗುತ್ತದೆ. ಆದ್ದರಿಂದ ಅರ್ಜಿಯ ಆ ಸಾಲಿನಲ್ಲಿ ಲಿವೊಫ್ಲಾಕ್ಸಾಸಿನ್ ಎಂದು ಕಂಡಾಗ ಅದೇ ಕಫವನ್ನು ಕ್ಷಯದ ಪರೀಕ್ಷೆಗೂ ಕಳಿಸಬೇಕೆಂದು ನಾವು ವಾರ್ಡಿಗೆ ತಿಳಿಸುತ್ತಿದ್ದೆವು.

ವರ್ಷದ ಕೊನೆಗೆ ಆಸ್ಪತ್ರೆಯ ಆ್ಯಂಟಿಬಯೋಗ್ರಾಂ ತಯಾರಿಸುವ ಹೊಣೆ ನನಗೆ ಬಂತು. ಯಾವ ಬ್ಯಾಕ್ಟೀರಿಯಾ ಯಾವ ಔಷಧಕ್ಕೆ ಶೇಕಡ ಎಷ್ಟು ಬಗ್ಗುತ್ತದೆ ಎಂಬ ಕೋಷ್ಟಕವದು. ವರದಿ ಬರುವ ಮುಂಚೆಯೇ ಚಿಕಿತ್ಸೆ ಆರಂಭಿಸಬೇಕಾದ ವೈದ್ಯರು ಅದನ್ನು ನೋಡಿ ಔಷಧ ಆರಿಸುತ್ತಾರೆ. ಇದಕ್ಕೂ ನಿಯಮಗಳಿವೆ: ಒಬ್ಬ ರೋಗಿಯಿಂದ ಮೊದಲ ತಳಿಯನ್ನಷ್ಟೇ ಎಣಿಸಬೇಕು, ಒಂದು ಜಾತಿಯ ತಳಿಗಳು ಕನಿಷ್ಠ 30 ಇಲ್ಲದಿದ್ದರೆ ಶೇಕಡಾವಾರು ಪ್ರಕಟಿಸುವುದು ಸರಿಯಲ್ಲ. ವರ್ಷವಿಡೀ ನ್ಯುಮೋನಿಯಾ ರೋಗಿಗಳು ತುಂಬಿದ್ದ ಆಸ್ಪತ್ರೆಯಲ್ಲಿ ನ್ಯುಮೊಕಾಕಸ್ ತಳಿಗಳು ಆ ಸಂಖ್ಯೆಯನ್ನು ಮುಟ್ಟಲಿಲ್ಲ. ನಾನು ಪ್ರಯೋಗಾಲಯದ ದಾಖಲೆ ಪುಸ್ತಕಗಳನ್ನು ತಿರುವಿ ಅರ್ಜಿಗಳ ಆ ಸಾಲಿನ ಉತ್ತರಗಳನ್ನು ಪಕ್ಕಕ್ಕಿಟ್ಟು ನೋಡಿದೆ. ಔಷಧಕ್ಕೆ ಮುಂಚೆ ತೆಗೆದ ಕಫ ವಿರಳ; ಜೀವಿ ಬೆಳೆದದ್ದು ಹೆಚ್ಚಾಗಿ ಆ ವಿರಳ ಮಾದರಿಗಳಲ್ಲಿ. ಉಳಿದವುಗಳಲ್ಲಿ ಬೆಳೆದದ್ದು ಹೊರಗೆ ನುಂಗಿದ ಔಷಧಕ್ಕೆ ಬಗ್ಗದೆ ಉಳಿದ ತಳಿಗಳು. ಔಷಧಕ್ಕೆ ಸುಲಭವಾಗಿ ಬಗ್ಗುವ ತಳಿಗಳು ನಮ್ಮ ತಟ್ಟೆಯನ್ನು ತಲುಪುವ ಮುಂಚೆಯೇ ಸತ್ತಿರುತ್ತವೆ, ಹಾಗಾಗಿ ಅವು ಕೋಷ್ಟಕದಲ್ಲಿ ಎಣಿಕೆಗೇ ಬರುವುದಿಲ್ಲ. ಕೋಷ್ಟಕ ನೋಡಿದ ವೈದ್ಯರಿಗೆ ನಿರೋಧಕತೆ ಇರುವುದಕ್ಕಿಂತ ಹೆಚ್ಚಾಗಿ ಕಂಡು, ಅವರು ಮುಂದಿನ ರೋಗಿಗೆ ಇನ್ನೂ ಅಗಲವಾದ ಔಷಧದಿಂದ ಆರಂಭಿಸುತ್ತಾರೆ. ಅದು ನಿಜವಾದ ನಿರೋಧಕತೆಯನ್ನು ಬೆಳೆಸುತ್ತದೆ. ನಿರೋಧಕತೆಯನ್ನು ನಾವು ಅಳೆಯುವ ಸಾಧನವನ್ನೇ, ಮಾದರಿಗೆ ಮುಂಚೆ ಬಿದ್ದ ಮಾತ್ರೆ ಕೆಡಿಸುತ್ತಿದೆ. ಈ ಮೇಜಿನ ಮುಂದೆ ಕುಳಿತು ನಾನು ಕಂಡುಕೊಂಡ ಅತ್ಯಂತ ಮುಖ್ಯ ಸಂಗತಿಯೆಂದರೆ ಇದು, ಮತ್ತು ಇದು ಸಾರ್ವಜನಿಕ ಚರ್ಚೆಗಳಲ್ಲಿ ಎಲ್ಲಿಯೂ ಬರುವುದಿಲ್ಲವೆಂಬುದು ನನಗೆ ನೋವಿನ ವಿಷಯ. 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಜಾಗತಿಕ ಅಂದಾಜಿನ ಪ್ರಕಾರ 2019ರಲ್ಲಿ ಬ್ಯಾಕ್ಟೀರಿಯಾಗಳ ಔಷಧ ನಿರೋಧಕತೆಯೇ ನೇರ ಕಾರಣವಾದ ಸಾವುಗಳು 12.7 ಲಕ್ಷ, ಅತಿ ಹೆಚ್ಚು ಹೊರೆ ಕೆಳ ಉಸಿರಾಟದ ಸೋಂಕುಗಳದ್ದು. ಅಂಥ ಅಂದಾಜುಗಳೂ ಕೊನೆಗೆ ನಮ್ಮಂಥ ಪ್ರಯೋಗಾಲಯಗಳ ತಟ್ಟೆಗಳಲ್ಲಿ ಬೆಳೆದದ್ದನ್ನೇ ಅವಲಂಬಿಸಿವೆ.

ಹಿರಿಯರೂ ನಾನೂ ಆಸ್ಪತ್ರೆಯ ಸೋಂಕು ನಿಯಂತ್ರಣ ಸಮಿತಿಯ ಮುಂದೆ ಈ ವಿಷಯ ಇಟ್ಟೆವು. ಅಲ್ಲಿ ಬಂದ ಮುಖ್ಯ ಆಕ್ಷೇಪ ಸರಿಯಾದದ್ದೇ: ರಕ್ತದೊತ್ತಡ ಕುಸಿಯುತ್ತಿರುವ, ಉಸಿರು ಕಟ್ಟುತ್ತಿರುವ ರೋಗಿಗೆ ಕಫಕ್ಕಾಗಿ ಔಷಧವನ್ನು ತಡ ಮಾಡಲಾಗದು. ಅಂಥವರಿಗೆ ಮೊದಲ ಚುಚ್ಚುಮದ್ದು ತಕ್ಷಣ ಬೀಳಬೇಕು. ಆದರೆ ಚುಚ್ಚುಮದ್ದಿಗಾಗಿ ರಕ್ತನಾಳಕ್ಕೆ ಸೂಜಿ ಹಾಕುವಾಗಲೇ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ರಕ್ತ ತೆಗೆಯಬಹುದು, ಔಷಧದ ಪುಡಿ ಕರಗಿಸುವಷ್ಟು ಹೊತ್ತಿನಲ್ಲಿ ಡಬ್ಬಿಯನ್ನು ಕೈಗೆ ಕೊಟ್ಟು ಕೆಮ್ಮಿಸಬಹುದು. ಆಗದಿದ್ದರೆ ಔಷಧ ಕೊಟ್ಟು, ಎಷ್ಟು ಗಂಟೆಗೆ ಕೊಟ್ಟೆವೆಂದು ಬರೆಯಬಹುದು. ಕೊನೆಗೆ ಅರ್ಜಿಯ ಆ ಸಾಲನ್ನು ಸಹಿಯ ಮೇಲಿಂದ ತೆಗೆದು ರೋಗಿಯ ಹೆಸರಿನ ಕೆಳಗೆ ತಂದೆವು; ಔಷಧದ ಹೆಸರು, ಕೊನೆಯ ಸಲ ತೆಗೆದುಕೊಂಡ ಹೊತ್ತು, ವೈದ್ಯರ ಚೀಟಿಯಿಂದಲೋ ನೇರ ಅಂಗಡಿಯಿಂದಲೋ ಎಂಬ ಮೂರು ಪ್ರಶ್ನೆಗಳಾದವು. ತುರ್ತು ವಿಭಾಗದ ಔಷಧದ ಟ್ರೇಯಲ್ಲಿಯೇ ಕಫದ ಡಬ್ಬಿಗಳನ್ನು ಇಡಿಸಿದೆವು. ಆಮೇಲಿನ ತಿಂಗಳುಗಳಲ್ಲಿ ತಟ್ಟೆಗಳ ಮೇಲೆ ಹಸಿರು ಛಾಯೆಯ ವಸಾಹತುಗಳು ಹೆಚ್ಚಾದವು.

ಮೂರನೆಯ ಪ್ರಶ್ನೆಗೆ ಬರುವ ಉತ್ತರ ಇಂದಿಗೂ ಬಹಳ ಸಲ ಅಂಗಡಿಯದ್ದೇ. ಸೆಫಿಕ್ಸಿಮ್, ಲಿವೊಫ್ಲಾಕ್ಸಾಸಿನ್ ಮುಂತಾದ ಔಷಧಗಳನ್ನು ಎಚ್1 ಅನುಸೂಚಿಗೆ ಸೇರಿಸಿ, 2014ರ ಮಾರ್ಚ್ 1ರಿಂದ ಅಂಗಡಿಯವರು ವೈದ್ಯರ ಮತ್ತು ರೋಗಿಯ ಹೆಸರನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕೆಂದು ಕೇಂದ್ರ ಸರ್ಕಾರ ನಿಯಮ ಮಾಡಿದೆ. ನಿಯಮ ಒಳ್ಳೆಯದು. ಆದರೆ ದಿನಗೂಲಿಯವರು ವೈದ್ಯರ ಶುಲ್ಕ ಮತ್ತು ಒಂದು ದಿನದ ಸಂಬಳ ಎರಡನ್ನೂ ಉಳಿಸಲು ಅಂಗಡಿಯ ಮುಂದೆ ನಿಲ್ಲುತ್ತಾರೆ ಎಂಬುದನ್ನು ಮರೆತು ಅವರನ್ನು ದೂಷಿಸುವುದು ನನಗೆ ಒಪ್ಪಿಗೆಯಿಲ್ಲ. ಅವರಿಗೆ ಹತ್ತಿರದ ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ಚಿಕಿತ್ಸಾಲಯದಲ್ಲಿ ವೈದ್ಯರು ಸಿಗುವ ಹೊತ್ತು ಸಂಜೆಗೆ ವಿಸ್ತರಿಸಿದರೆ ಆಗುವ ಉಪಕಾರ, ಗೋಡೆಗೆ ಅಂಟಿಸುವ ಎಚ್ಚರಿಕೆಗಿಂತ ದೊಡ್ಡದೆಂದು ನನ್ನ ಅಭಿಪ್ರಾಯ. ಮಕ್ಕಳ ವಿಷಯದಲ್ಲಿ ಬೇರೊಂದು ದಾರಿ ತೆರೆದಿದೆ: ನ್ಯುಮೊಕಾಕಸ್ ಲಸಿಕೆ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಆರಂಭವಾಗಿ 2021ರಲ್ಲಿ ದೇಶದಾದ್ಯಂತ ಉಚಿತ ಲಸಿಕೆಗಳ ಪಟ್ಟಿಗೆ ಸೇರಿತು. ಲಸಿಕೆ ತಡೆಯುವ ಕವಚದ ಬಗೆಗಳಲ್ಲಿಯೇ ನಿರೋಧಕ ತಳಿಗಳು ಹೆಚ್ಚಿದ್ದುದರಿಂದ, ಮಗುವಿನ ಮೂಗಿನಲ್ಲಿ ಅವು ನೆಲೆಸುವುದು ತಪ್ಪಿದರೆ ಅಜ್ಜ ಅಜ್ಜಿಯರಿಗೆ ದಾಟುವುದೂ ಕಡಿಮೆಯಾಗುತ್ತದೆ. ಆದರೆ ಕವಚದ ಬಗೆಗಳು ನೂರಕ್ಕೂ ಹೆಚ್ಚಿವೆ. ಲಸಿಕೆಯಲ್ಲಿ ಇಲ್ಲದವು ಖಾಲಿ ಜಾಗವನ್ನು ತುಂಬುತ್ತವೆಯೇ ಎಂದು ಸದಾ ಗಮನಿಸುತ್ತಿರಬೇಕು.

ಆ ಗಮನಿಕೆಗೆ ಬೇಕಾಗುವುದೂ ಜೀವಂತ ತಳಿಯೇ. ಬೆಂಗಳೂರಿನಲ್ಲಿ ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಕೇಂದ್ರ ಸಂಶೋಧನಾ ಪ್ರಯೋಗಾಲಯ ಬಹಳ ವರ್ಷಗಳಿಂದ ನ್ಯುಮೊಕಾಕಸ್‌ನ ಕವಚದ ಬಗೆಗಳನ್ನೂ ಔಷಧ ಸಂವೇದನೆಯನ್ನೂ ಅಧ್ಯಯನ ಮಾಡುತ್ತ ಬಂದಿದೆ. ಇಂಥ ಅಧ್ಯಯನಗಳು ನಿಂತಿರುವುದು ಆಸ್ಪತ್ರೆಗಳು ಬೆಳೆಸಿ ಉಳಿಸುವ ತಳಿಗಳ ಮೇಲೆ. ಈಗ ನಮ್ಮ ಮೇಜಿನಲ್ಲಿ ಔಷಧಕ್ಕೆ ಮುಂಚೆ ತೆಗೆದ ಮಾದರಿಯಿಂದ ಬೆಳೆದ ಪ್ರತಿಯೊಂದು ನ್ಯುಮೊಕಾಕಸ್ಸನ್ನೂ ಕೆನೆ ತೆಗೆದ ಹಾಲು ಮತ್ತು ಗ್ಲಿಸರಾಲ್ ಬೆರೆಸಿದ ದ್ರಾವಣದಲ್ಲಿ ಕಲಸಿ, ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿ ಇಡುತ್ತೇವೆ. ಪ್ರತಿ ಸೀಸೆಯ ಮೇಲಿನ ಚೀಟಿಯಲ್ಲಿ ದಿನಾಂಕ ಮತ್ತು ಪೆನಿಸಿಲಿನ್ ಅಳತೆಯ ಕೆಳಗೆ, ಮಾದರಿಗೆ ಮುಂಚೆ ಔಷಧ ಬಿದ್ದಿತ್ತೇ ಎಂಬುದನ್ನೂ ಬರೆಯುತ್ತೇವೆ. ಈ ವರ್ಷದ ಕೋಷ್ಟಕದಲ್ಲಿ ಔಷಧಕ್ಕೆ ಮುಂಚಿನ ಮಾದರಿಗಳಿಗೂ ನಂತರದವಕ್ಕೂ ಪ್ರತ್ಯೇಕ ಕಾಲಂಗಳಿರುತ್ತವೆ.